ಹಡಗಿನ ವಿಶೇಷ ಊಟದ ಪ್ಯಾಕೇಜ್ ಕೊಳ್ಳಬೇಕಾ, ಬೇಡವಾ? ಕಲಬುರಗಿ ಮನೆಯವರಿಗಾಗಿ ಹಂತ ಹಂತದ ಮಾರ್ಗದರ್ಶಿ

ಸಿಂಗಪುರದಿಂದ ಹೊರಟ ಹಡಗಿನಲ್ಲಿ ನಮ್ಮ ಎರಡನೆಯ ರಾತ್ರಿ. ಬಿಳಿ ಬಟ್ಟೆ ಹಾಸಿದ ಮೇಜು, ಮುಂದೆ ದೊಡ್ಡ ತಟ್ಟೆ. ತಟ್ಟೆಯ ನಡುವೆ ಒಂದು ಹಿಡಿ ಹಿಸುಕಿದ ಆಲೂಗಡ್ಡೆ, ಪಕ್ಕಕ್ಕೆ ನಾಲ್ಕು ಹುರಿದ ಅಣಬೆ, ಕೆನೆಯಲ್ಲಿ ಬೇಯಿಸಿದ ಪಾಲಕ್. ನಮ್ಮವ್ವ ಚಮಚದ ತುದಿಯಲ್ಲಿ ಒಂದಿಷ್ಟು ರುಚಿ ನೋಡಿದಳು. "ಯವ್ವಾ, ಇದರಾಗ ಉಪ್ಪಿಲ್ಲ, ಖಾರಿಲ್ಲ. ಕೆಳಗ ಅನ್ನ ಬ್ಯಾಳಿ ಇತ್ತಲ್ಲ, ಅಲ್ಲೇ ಹೋಗೂಣ ನಡಿ" ಅಂದಳು. ಆ ಒಂದು ತಟ್ಟೆಗೆ ನಾವು ನಾಲ್ಕು ಸಾವಿರ ರೂಪಾಯಿಗಿಂತ ಜಾಸ್ತಿ ಕೊಟ್ಟಿದ್ದೆವು. ಕೆಳಗಿನ ಅನ್ನ ಬೇಳೆಗೆ ಟಿಕೆಟ್ಟಿನಲ್ಲೇ ರೊಕ್ಕ ಕಟ್ಟಿಯಾಗಿತ್ತು.

ಏಜೆಂಟ್ ಹೇಳಿದ್ದಕ್ಕೆ ಹೂಂ ಅಂದು ಮೂರು ಊಟದ ಪ್ಯಾಕೇಜ್ ತೆಗೆದುಕೊಂಡಿದ್ದೆವು. ಅವ್ವ ಒಂದೇ ಊಟಕ್ಕೆ ಬಂದಳು, ಉಳಿದ ಎರಡು ಹಾಗೇ ಹೋದವು. ಮುಂದಿನ ಸಲ ಹೋಗುವಾಗ ಅಡುಗೆಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ಲೆಕ್ಕ ಬರೆದೆ. ಆ ಹಾಳೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ನಮ್ಮ ಭಾಗದಿಂದ ಈಗ ಹಡಗಿನ ಪ್ರವಾಸಕ್ಕೆ ಹೋಗುವವರು ಇದ್ದಾರೆ. ಆದರೆ ಈ ಪ್ಯಾಕೇಜ್ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಸ್ಟೀಕ್ (ದಪ್ಪಗೆ ಕತ್ತರಿಸಿ ಸುಟ್ಟ ಮಾಂಸದ ತುಂಡು) ತಿನ್ನುವವರು ಬರೆದದ್ದು. ರೊಟ್ಟಿ ತಿನ್ನುವವರ ಲೆಕ್ಕ ಬೇರೆ.

ಹಂತ 1: ಟಿಕೆಟ್ಟಿನಲ್ಲಿ ಏನೇನು ಬಂದಿದೆ, ಮೊದಲು ಅದನ್ನು ನೋಡಿ

ದೊಡ್ಡ ಹಡಗುಗಳಲ್ಲಿ ಊಟದ ಜಾಗ ಎರಡು ಬಗೆ. ಒಂದು, ಟಿಕೆಟ್ ದರದಲ್ಲೇ ಸೇರಿರುವುದು. ಮೇನ್ ಡೈನಿಂಗ್ ರೂಮ್ ಅಂತ ಇರುತ್ತದೆ, ಅಲ್ಲಿ ಕೂತಲ್ಲಿಗೇ ಬಡಿಸುತ್ತಾರೆ. ಬಫೆ ಇರುತ್ತದೆ. ಪಿಜ್ಜಾ, ಸ್ಯಾಂಡ್‌ವಿಚ್ ಕೊಡುವ ಸಣ್ಣ ಕೌಂಟರ್‌ಗಳೂ ಬಹಳ ಹಡಗುಗಳಲ್ಲಿ ಇವೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಎಷ್ಟು ಬೇಕೋ ಅಷ್ಟು ತಿನ್ನಬಹುದು.

ಇನ್ನೊಂದು, ಸ್ಪೆಷಾಲಿಟಿ ರೆಸ್ಟೋರೆಂಟ್. ಸ್ಟೀಕ್ ಹೌಸ್, ಇಟಾಲಿಯನ್, ಜಪಾನಿನ ಸುಶಿ, ಕಣ್ಣೆದುರೇ ಕಾದ ಹಂಚಿನ ಮೇಲೆ ಅಡುಗೆ ಮಾಡುವ ತೆಪ್ಪನ್ಯಾಕಿ, ಇಂಥವು. ಇಲ್ಲಿ ಬೇರೆ ದುಡ್ಡು. ಕೆಲವು ಕಡೆ ತಲೆಗಿಷ್ಟು ಅಂತ, ಕೆಲವು ಕಡೆ ತಿಂದ ಐಟಂಗೆ ತಕ್ಕಂತೆ. ಇವನ್ನೇ ಮೂರು ಊಟ, ಐದು ಊಟ, ಇಲ್ಲವೇ ಎಷ್ಟು ಬೇಕಾದರೂ ಊಟ ಅಂತ ಕಟ್ಟಿ ಮಾರುವುದೇ ಪ್ಯಾಕೇಜ್.

ಇಲ್ಲೇ ಬಹಳ ಮಂದಿ ಎಡವುತ್ತಾರೆ. "ಬಿಡಿಯಾಗಿ ಐವತ್ತು ಡಾಲರ್, ಪ್ಯಾಕೇಜ್‌ನಲ್ಲಿ ನಲವತ್ತು, ಹತ್ತು ಡಾಲರ್ ಉಳಿಯಿತು" ಅಂದುಕೊಳ್ಳುತ್ತಾರೆ. ಹಾಗಲ್ಲ. ಮನೆಯಲ್ಲಿ ಅಡುಗೆ ಆಗಿದೆ, ಪಾತ್ರೆ ಮುಚ್ಚಿಟ್ಟು ಹೊರಗೆ ಊಟಕ್ಕೆ ಹೊರಟಿದ್ದೀರಿ. ಮನೆಯ ಅಡುಗೆಯ ಖರ್ಚು ಹೋಗಿದ್ದು ಹೋಗಿಯೇ ಇದೆ. ಹೋಟೆಲ್ ಬಿಲ್ ಪೂರ್ತಿ ಅದರ ಮೇಲಿನ ಖರ್ಚು. ಪ್ಯಾಕೇಜನ್ನು ಹೋಲಿಸಬೇಕಾದದ್ದು ಬಿಡಿ ಊಟದ ದರಕ್ಕಲ್ಲ, ಕೆಳಗೆ ಬಿಟ್ಟಿ ಸಿಗುವ ಊಟಕ್ಕೆ.

ಹಡಗು ಯಾವುದು ಅನ್ನುವುದರ ಮೇಲೂ ಇದು ನಿಂತಿದೆ. ಮುಂಬಯಿಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೀಲಿಯಾ ಹಡಗಿನಲ್ಲಿ ಬರುವವರು ಹೆಚ್ಚಾಗಿ ನಮ್ಮ ದೇಶದವರೇ. ಅಲ್ಲಿ ಭಾರತೀಯ ಅಡುಗೆ ಇದೆ, ಜೈನ ಊಟವೂ ಇದೆ. ಅಂಥ ಸಣ್ಣ ಪ್ರವಾಸಕ್ಕೆ ಬೇರೆ ಊಟ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ಜಾಸ್ತಿ ಇರುವುದರಿಂದ ಮೇನ್ ಡೈನಿಂಗ್‌ನಲ್ಲೂ ಬಫೆಯಲ್ಲೂ ನಮ್ಮ ಕಡೆಯ ಒಂದೆರಡು ಪದಾರ್ಥ ಸಾಮಾನ್ಯವಾಗಿ ಇರುತ್ತವೆ. ಯುರೋಪಿಗೋ ಅಮೆರಿಕಕ್ಕೋ ಹೋಗಿ ಹಡಗು ಹತ್ತುವವರು ಮಾತ್ರ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ಮಾತು. ನಾರ್ವೇಜಿಯನ್‌ನಂಥ ಕೆಲವು ಹಡಗು ಕಂಪನಿಗಳು ಟಿಕೆಟ್ ಆಫರಿನ ಜೊತೆಗೇ ಒಂದೆರಡು ವಿಶೇಷ ಊಟ ಕೊಡುತ್ತವೆ. ನಿಮ್ಮ ಬುಕಿಂಗ್ ಕಾಗದದಲ್ಲಿ ಅದು ಇದೆಯಾ ನೋಡಿ. ಇರುವುದನ್ನೇ ಮತ್ತೆ ಕೊಳ್ಳುವುದು ಬೇಡ.

ಹಂತ 2: ಒಂದೊಂದು ರಾತ್ರಿಯನ್ನೂ ಹಾಳೆಯ ಮೇಲೆ ಬರೆಯಿರಿ

ಎಷ್ಟು ರಾತ್ರಿಯ ಪ್ರವಾಸವೋ ಅಷ್ಟು ಸಾಲು ಎಳೆಯಿರಿ. ಪ್ರತಿ ಸಾಲಿನ ಮುಂದೆ ಅವತ್ತು ಏನಿದೆ ಅಂತ ಬರೆಯಿರಿ. ಬಂದರಿನ ದಿನವೋ, ಪೂರ್ತಿ ಸಮುದ್ರದ ದಿನವೋ, ರಾತ್ರಿ ಶೋ ಇದೆಯೋ.

ನಮ್ಮ ನಾಲ್ಕು ರಾತ್ರಿಯ ಹಾಳೆ ಹೇಗಿತ್ತು ಹೇಳುತ್ತೇನೆ. ಮೊದಲ ರಾತ್ರಿ ಅಳಿಸಿ ಹಾಕಿದೆ. ಯಾಕೆ? ಕಲಬುರಗಿಯಿಂದ ಹೈದರಾಬಾದಿಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ರಾತ್ರಿಯ ವಿಮಾನ ಹತ್ತಿ, ನಿದ್ದೆಗೆಟ್ಟು ಸಿಂಗಪುರದಲ್ಲಿ ಇಳಿದು, ಮಧ್ಯಾಹ್ನ ಹಡಗು ಹತ್ತುತ್ತೀರಿ. ಸಂಜೆಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಕೆಲವರಿಗೆ ಹಡಗಿನ ತೂಗಾಟಕ್ಕೆ ಹೊಟ್ಟೆ ತೊಳಸುವುದೂ ಅವತ್ತೇ. ಮುಂಬಯಿಯಿಂದ ಹತ್ತುವವರೂ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯೆಲ್ಲ ಕೂತು ಹೋಗಿರುತ್ತೀರಿ. ಎರಡು ತಾಸು ಕೂತು ಮೂರು ಸುತ್ತು ಬಡಿಸಿಕೊಳ್ಳುವ ಊಟ ಅವತ್ತು ಬೇಡ. ಮೊದಲ ರಾತ್ರಿಗೆ ರಿಯಾಯಿತಿ ಕೊಡುವ ಹಡಗುಗಳಿವೆ, ನಿಜ. ನಿದ್ದೆಗಣ್ಣಿನಲ್ಲಿ ತಿನ್ನುವವರಿಗೆ ಆ ರಿಯಾಯಿತಿಯಿಂದ ಏನು ಪ್ರಯೋಜನ?

ಬಂದರಿನ ದಿನ ಊರು ಸುತ್ತಿ, ಹೊರಗೆ ಏನೋ ತಿಂದು, ದಣಿದು ಬರುತ್ತೀರಿ. ಅವತ್ತು ಮಧ್ಯಾಹ್ನದ ಊಟ ಹಡಗಿನಲ್ಲಿ ಆಗುವುದೇ ಇಲ್ಲ. ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳು ಮಧ್ಯಾಹ್ನ ತೆರೆಯುವುದು ಸಾಮಾನ್ಯವಾಗಿ ಸಮುದ್ರದ ದಿನಗಳಲ್ಲಿ ಮಾತ್ರ. ಹಾಗಾಗಿ "ಎಷ್ಟು ಬೇಕಾದರೂ" ಪ್ಯಾಕೇಜ್ ತೆಗೆದುಕೊಂಡು ದಿನಕ್ಕೆರಡು ಸಲ ತಿನ್ನುತ್ತೇವೆ ಅನ್ನುವ ಲೆಕ್ಕ ಸಣ್ಣ ಪ್ರವಾಸದಲ್ಲಿ ಕೂಡಿ ಬರುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ಮಾಡಿ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಸಂಜೆ ಆರು ಅಂದರೆ ನಮ್ಮ ಹೊಟ್ಟೆಗೆ ಇನ್ನೂ ಮೂರೂವರೆ, ಚಹಾದ ಹೊತ್ತೂ ಆಗಿರುವುದಿಲ್ಲ. ಆರು ಗಂಟೆಯ ಊಟ ನಮ್ಮವರಿಗೆ ಸೇರುವುದಿಲ್ಲ. ಎಂಟು, ಎಂಟೂವರೆಯ ಜಾಗ ಸಿಕ್ಕರೆ ಮಾತ್ರ ಆ ರಾತ್ರಿಯನ್ನು ಹಾಳೆಯಲ್ಲಿ ಉಳಿಸಿ.

ಇಷ್ಟೆಲ್ಲ ಅಳಿಸಿದ ಮೇಲೆ ನಮ್ಮ ಹಾಳೆಯಲ್ಲಿ ಉಳಿದದ್ದು ನಾಲ್ಕರಲ್ಲಿ ಎರಡು ರಾತ್ರಿ. ಉಳಿದ ರಾತ್ರಿ ಎಷ್ಟೋ ಅದೇ ನಿಮ್ಮ ನಿಜವಾದ ಸಂಖ್ಯೆ. ಅದಕ್ಕಿಂತ ದೊಡ್ಡ ಪ್ಯಾಕೇಜ್ ಕಡೆ ನೋಡಲೇಬೇಡಿ.

ಹಂತ 3: ಮನೆಯವರಲ್ಲಿ ಯಾರು ಏನು ತಿನ್ನುತ್ತಾರೆ?

ಈ ಹಂತಕ್ಕೆ ಸ್ವಲ್ಪ ಹೊತ್ತು ಕೊಡಿ. ನಮ್ಮಂಥವರಿಗೆ ತೀರ್ಮಾನ ಆಗುವುದು ಇಲ್ಲೇ.

ಸ್ಪೆಷಾಲಿಟಿ ರೆಸ್ಟೋರೆಂಟ್‌ನ ದರ ಕಟ್ಟಿರುವುದು ಮಾಂಸ, ಮೀನು, ಸೀಗಡಿಯ ಮೇಲೆ. ಸಸ್ಯಾಹಾರಿ ಅಲ್ಲಿ ಕೂತರೆ ಅದೇ ದರ ಕೊಟ್ಟು ಪಕ್ಕದ ಪಲ್ಯಗಳನ್ನು ತಿಂದು ಏಳುತ್ತಾನೆ. ಸ್ಟೀಕ್ ಹೌಸ್‌ನಲ್ಲಂತೂ ಅವ್ವನ ತಟ್ಟೆಯಲ್ಲಿ ಬಂದಷ್ಟೇ ಬರುತ್ತದೆ. ಮಾಂಸ ತಿನ್ನುವವರೂ ಒಂದು ಗಮನಿಸಿ. ಅಲ್ಲಿ ಸ್ಟೀಕ್ ಅಂದರೆ ದನದ ಮಾಂಸ. ನಮ್ಮಲ್ಲಿ ಕುರಿ, ಕೋಳಿ ತಿನ್ನುವವರಲ್ಲೂ ಎಷ್ಟೋ ಮಂದಿ ಅದನ್ನು ಮುಟ್ಟುವುದಿಲ್ಲ. ಅವರಿಗೆ ಉಳಿಯುವುದು ಕುರಿಯ ಚಾಪ್ಸ್, ಕೋಳಿ, ಮೀನು. ಅದಕ್ಕಾಗಿ ಅಷ್ಟು ಕೊಡಬೇಕಾ ಅಂತ ಕೇಳಿಕೊಳ್ಳಿ.

ಹೆಸರು ಸಸ್ಯಾಹಾರದ್ದಾಗಿದ್ದರೂ ಒಳಗೆ ಬೇರೆ ಇರುವ ಪದಾರ್ಥಗಳು ಬಹಳ. ಇದನ್ನು ನಮ್ಮ ಮನೆಯ ಹಿರಿಯರಿಗಾಗಿ ಕೇಳಿ ಕೇಳಿ ಕಲಿತೆ:

ಫ್ರೆಂಚ್ ಈರುಳ್ಳಿ ಸೂಪನ್ನು ಸಾಮಾನ್ಯವಾಗಿ ದನದ ಮೂಳೆ ಕುದಿಸಿದ ಸಾರಿನಲ್ಲಿ ಮಾಡುತ್ತಾರೆ. ಇಟಲಿಯ ರಿಸೊಟ್ಟೊ ಅನ್ನಕ್ಕೆ ಕೋಳಿ ಸಾರು ಹಾಕುವುದುಂಟು. ಸೀಸರ್ ಸಲಾಡ್ ನೋಡಲು ಬರೀ ಸೊಪ್ಪು, ಆದರೆ ಅದರ ಡ್ರೆಸ್ಸಿಂಗ್‌ನಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ಜಪಾನಿನ ಮಿಸೊ ಸೂಪಿನಲ್ಲಿ ಒಣಮೀನಿನ ಸಾರು, ಥಾಯ್ ಪಲ್ಯಗಳಲ್ಲಿ ಮೀನಿನ ಸಾಸ್. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಪನ್ನಾ ಕೋಟಾದಂಥ ಸಿಹಿಗಳು ಗಟ್ಟಿಯಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್‌ನಿಂದ. ತೆಪ್ಪನ್ಯಾಕಿಯಲ್ಲಿ ತೋಫು, ತರಕಾರಿ ಅನ್ನ ಸಿಗುತ್ತದೆ, ಆದರೆ ಸೀಗಡಿ, ಮಾಂಸ ಹುರಿದ ಹಂಚೂ ಅದೇ. ಬೇರೆ ಪಾತ್ರೆಯಲ್ಲಿ ಒಳಗಿಂದ ಮಾಡಿ ತರುತ್ತೀರಾ ಅಂತ ಮೊದಲೇ ಕೇಳಬೇಕು.

ಹಲಾಲ್ ಮಾತ್ರ ತಿನ್ನುವ ಮನೆಯವರಿಗೂ ಇದೇ ಮಾತು. ಮೇನ್ ಡೈನಿಂಗ್‌ನಲ್ಲಿ ಹಲಾಲ್ ಇದೆ ಅಂದ ಮಾತ್ರಕ್ಕೆ ಮೇಲಿನ ಸ್ಟೀಕ್ ಹೌಸ್‌ನಲ್ಲೂ ಇದೆ ಅಂತಲ್ಲ. ಸಾಸ್‌ಗೆ ವೈನ್ ಹಾಕುವುದು ಪಶ್ಚಿಮದ ಅಡುಗೆಯಲ್ಲಿ ಮಾಮೂಲು. ಪ್ರತಿ ರೆಸ್ಟೋರೆಂಟ್ ಬಗ್ಗೆ ಬೇರೆ ಬೇರೆಯಾಗಿ ಇಮೇಲ್‌ನಲ್ಲಿ ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಈಗ ಹಾಳೆಯ ಮೇಲೆ ಮನೆಯವರ ಹೆಸರು ಬರೆಯಿರಿ. ಕಂಪನಿಯ ವೆಬ್‌ಸೈಟ್‌ನಲ್ಲೋ ಆಪ್‌ನಲ್ಲೋ ಮೆನು ತೆಗೆದು ಒಬ್ಬೊಬ್ಬರಿಗೂ ತೋರಿಸಿ. ನಮ್ಮ ವೈನಿಗೆ ತೋರಿಸಿದಾಗ ಇಟಾಲಿಯನ್‌ನಲ್ಲಿ ಬದನೆಕಾಯಿಯದ್ದು, ಪಾಸ್ತಾ ಎರಡು ಬಗೆ, ಒಂದು ಸಿಹಿ, ಇಷ್ಟಕ್ಕೆ ಟಿಕ್ ಹಾಕಿದಳು. ಅಣ್ಣ ಸ್ಟೀಕ್ ಹೌಸ್‌ನ ಕುರಿ ಚಾಪ್ಸ್‌ಗೆ ಹಾಕಿದ. ಅವ್ವ ಯಾವುದಕ್ಕೂ ಹಾಕಲಿಲ್ಲ. ಮೂರು ಐಟಂಗೆ ಟಿಕ್ ಬೀಳದವರಿಗೆ ಆ ರೆಸ್ಟೋರೆಂಟ್ ಬೇಡ ಅನ್ನುವುದು ನನ್ನ ನಿಯಮ. ಪ್ಯಾಕೇಜನ್ನು ರೂಮಿನಲ್ಲಿರುವ ಎಲ್ಲರೂ ಕೊಳ್ಳಬೇಕು ಅನ್ನುವ ಕಟ್ಟು ಸಾಮಾನ್ಯವಾಗಿ ಡ್ರಿಂಕ್ಸ್ ಪ್ಯಾಕೇಜ್‌ಗೆ ಇರುತ್ತದೆ, ಊಟದ್ದಕ್ಕೆ ಅಷ್ಟಾಗಿ ಇರುವುದಿಲ್ಲ. ಬೇಕಾದವರಿಗೆ ಮಾತ್ರ ತೆಗೆದುಕೊಳ್ಳಬಹುದಾ ಕೇಳಿ. ಚಿಕ್ಕ ಮಕ್ಕಳಿಗೆ ಎಷ್ಟೋ ಕಡೆ ದರ ಕಡಿಮೆ, ಅವರಿಗೆ ದೊಡ್ಡವರ ಪ್ಯಾಕೇಜ್ ಕೊಳ್ಳಬೇಡಿ.

ಹಂತ 4: ರೂಪಾಯಿಯಲ್ಲಿ ಲೆಕ್ಕ

ದರ ಹಡಗಿಗೊಂದು, ದಿನಕ್ಕೊಂದು. ಹಾಗಾಗಿ ಒಂದು ಉದಾಹರಣೆಯ ಲೆಕ್ಕ ಕೊಡುತ್ತೇನೆ, ಅಂಕಿ ಬದಲಿಸಿ ನಿಮ್ಮದು ಮಾಡಿಕೊಳ್ಳಿ. ಬಿಡಿ ಊಟ 50 ಡಾಲರ್, ಮೂರು ಊಟದ ಪ್ಯಾಕೇಜ್ 120 ಡಾಲರ್, ನಾಲ್ಕು ರಾತ್ರಿ ಎಷ್ಟು ಬೇಕಾದರೂ ತಿನ್ನುವುದು 200 ಡಾಲರ್ ಅಂತ ಇಟ್ಟುಕೊಳ್ಳೋಣ. ಡಾಲರಿಗೆ 90 ರೂಪಾಯಿ.

ತೋರಿಸುವ ದರವೇ ಪೂರ್ತಿ ದರ ಅಂದುಕೊಳ್ಳಬೇಡಿ. ಅದರ ಮೇಲೆ ಟಿಪ್ಸ್ ಸೇರುತ್ತದೆ. ರಾಯಲ್ ಕೆರಿಬಿಯನ್‌ನಲ್ಲಿ ಶೇ 18, ನಾರ್ವೇಜಿಯನ್‌ನಲ್ಲಿ ಶೇ 20. ಇದು ಕೊಟ್ಟರೆ ಕೊಡಬಹುದು ಅನ್ನುವಂಥದ್ದಲ್ಲ, ಬಿಲ್ಲಿನಲ್ಲೇ ಬರುತ್ತದೆ. ಆಮೇಲೆ ನಮ್ಮ ಕ್ರೆಡಿಟ್ ಕಾರ್ಡಿನವರು ವಿದೇಶಿ ಹಣಕ್ಕೆ ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ ಹಾಕುತ್ತಾರೆ. ಬಹಳ ಕಾರ್ಡುಗಳಲ್ಲಿ ಅದು ಶೇ 2ರಿಂದ 3.5. ಆ ಮಾರ್ಕಪ್ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಶೇ 3.5 ಅಂದರೆ ಎಲ್ಲ ಸೇರಿ ಶೇ 4.13.

ಬಿಡಿ ಊಟ: 50 ಡಾಲರಿಗೆ ಶೇ 18 ಟಿಪ್ಸ್ ಸೇರಿ 59. ರೂಪಾಯಿಯಲ್ಲಿ 5,310. ಕಾರ್ಡಿನದ್ದು ಸೇರಿಸಿದರೆ ಸುಮಾರು 5,530.

ಮೂರು ಊಟದ ಪ್ಯಾಕೇಜ್: 120ಕ್ಕೆ ಟಿಪ್ಸ್ ಸೇರಿ 141.60 ಡಾಲರ್. 12,744 ರೂಪಾಯಿ, ಕಾರ್ಡಿನದ್ದು ಸೇರಿ ಸುಮಾರು 13,270. ಊಟಕ್ಕೆ 4,423 ಬಿತ್ತು.

ಮೂರೂ ಊಟ ಮಾಡಿದರೆ ಬಿಡಿ ದರಕ್ಕಿಂತ ಸುಮಾರು 3,300 ರೂಪಾಯಿ ಉಳಿತಾಯ. ಎರಡೇ ಮಾಡಿದರೆ? ಎರಡು ಬಿಡಿ ಊಟಕ್ಕೆ 11,060 ಆಗುತ್ತಿತ್ತು, ನೀವು ಕೊಟ್ಟಿದ್ದು 13,270. ಅಂದರೆ 2,200 ಕೈ ಬಿಟ್ಟಿತು. ನಮ್ಮ ಹಾಳೆಯಲ್ಲಿ ಉಳಿದಿದ್ದು ಎರಡೇ ರಾತ್ರಿ ಅಲ್ವಾ? ಪ್ಯಾಕೇಜ್ ಅಲ್ಲಿಗೇ ಮುಗಿಯಿತು.

200 ಡಾಲರಿನದ್ದು ಇದೇ ರೀತಿ ಬಿಡಿಸಿದರೆ ತಲೆಗೆ ಸುಮಾರು 22,100. ಬಿಡಿ ಊಟದ ದರಕ್ಕೆ ಸರಿಯಾಗಿ ನಾಲ್ಕು ಊಟ. ನಾಲ್ಕು ರಾತ್ರಿಯೂ ತಪ್ಪದೆ ಅಲ್ಲೇ ತಿಂದರೆ ಸಮ, ಲಾಭ ಬರಬೇಕಾದರೆ ಅದರ ಮೇಲೆ ಮಧ್ಯಾಹ್ನವೂ ಹೋಗಬೇಕು. ರಜೆಗೆ ಬಂದವರು ಕೊಟ್ಟ ರೊಕ್ಕ ತೀರಿಸಲು ಹಸಿವಿಲ್ಲದೆ ಊಟಕ್ಕೆ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂಗಿ ಕೊನೆಯ ರಾತ್ರಿ ಹಾಗೆ ಕೂತು, ಒಂದು ತುತ್ತು ಕೇಕ್ ಬಾಯಿಗಿಟ್ಟು, ಚಮಚ ಕೆಳಗಿಟ್ಟುಬಿಟ್ಟಳು.

ಪ್ಯಾಕೇಜ್‌ನಲ್ಲಿ ಸೇರದ್ದೂ ಇರುತ್ತದೆ. ಲಾಬ್‌ಸ್ಟರ್, ವಿಶೇಷ ಸ್ಟೀಕ್‌ಗಳಿಗೆ ಮೆನುವಿನಲ್ಲೇ ಹೆಚ್ಚಿನ ದರ ಬರೆದಿರುತ್ತಾರೆ. ಕೂಲ್‌ಡ್ರಿಂಕ್ಸ್, ಬಾಟಲಿ ನೀರು ಸಾಮಾನ್ಯವಾಗಿ ಬೇರೆ. ಸುಶಿಯಂಥ ಕಡೆ ಇಂತಿಷ್ಟರವರೆಗೆ ಮಾತ್ರ ಅನ್ನುವ ಮಿತಿ ಇರಬಹುದು. ಕೊಳ್ಳುವ ಮುಂಚೆ ಆ ಸಣ್ಣ ಅಕ್ಷರಗಳನ್ನು ಓದಿ.

ಹಂತ 5: ಹಾಗಾದರೆ ಯಾರು ಕೊಳ್ಳಬೇಕು?

ಏಳು ರಾತ್ರಿ ಅಥವಾ ಅದಕ್ಕಿಂತ ಉದ್ದದ ಪ್ರವಾಸ, ಇಬ್ಬರೂ ಮೀನು ಮಾಂಸ ಎಲ್ಲ ಇಷ್ಟಪಟ್ಟು ತಿನ್ನುವವರು, ಹೊಸ ರುಚಿ ನೋಡುವುದೇ ಅರ್ಧ ಪ್ರವಾಸ ಅನ್ನುವವರು. ಇಂಥವರಿಗೆ ಮೂರು ಊಟದ್ದೋ ಐದು ಊಟದ್ದೋ ನಿಜಕ್ಕೂ ಒಳ್ಳೆಯದು. ಮೇನ್ ಡೈನಿಂಗ್‌ನಲ್ಲಿ ನೂರಾರು ಮಂದಿಯ ಗದ್ದಲ ಇರುತ್ತದೆ. ಸ್ಪೆಷಾಲಿಟಿ ರೆಸ್ಟೋರೆಂಟ್‌ನಲ್ಲಿ ಸದ್ದು ಕಡಿಮೆ, ಬಡಿಸುವವರು ನಿಂತು ಮಾತಾಡಿಸುತ್ತಾರೆ, ಅವಸರವಿಲ್ಲ. ಆ ಸಮಾಧಾನಕ್ಕೂ ಒಂದು ಬೆಲೆ ಇದೆ, ಅದನ್ನು ನಾನು ಕಡೆಗಣಿಸುವುದಿಲ್ಲ.

ಮದುವೆಯ ವರ್ಷದ ದಿನ, ಅಪ್ಪನ ಅರವತ್ತು, ಇಂಥದ್ದಿದ್ದರೆ ಪ್ಯಾಕೇಜ್ ಬೇಡ, ಒಂದೇ ಒಂದು ಬಿಡಿ ಊಟ ತೆಗೆದುಕೊಳ್ಳಿ. ಅಣ್ಣ ವೈನಿ ತಮ್ಮ ಇಪ್ಪತ್ತನೆಯ ವರ್ಷಕ್ಕೆ ಇಟಾಲಿಯನ್‌ನಲ್ಲಿ ಒಂದು ರಾತ್ರಿ ಕೂತರು. ಮಕ್ಕಳನ್ನು ನಾವು ನೋಡಿಕೊಂಡೆವು. ಕಿಟಕಿಯ ಆಚೆ ಕತ್ತಲ ಸಮುದ್ರ, ದೂರದಲ್ಲಿ ಇನ್ನೊಂದು ಹಡಗಿನ ದೀಪ. ವೈನಿ ಇವತ್ತಿಗೂ ಅದನ್ನು ನೆನೆಸುತ್ತಾಳೆ. ಆ 11,000 ರೂಪಾಯಿ ದುಬಾರಿ ಅಂತ ನನಗೆ ಒಂದು ದಿನವೂ ಅನಿಸಿಲ್ಲ.

ಶುದ್ಧ ಸಸ್ಯಾಹಾರಿ ಮನೆಯವರು, ಐದು ರಾತ್ರಿಯೊಳಗಿನ ಪ್ರವಾಸದವರು, ಹಿರಿಯರನ್ನು ಕರೆದುಕೊಂಡು ಹೋಗುವವರು ಕೊಳ್ಳಬೇಡಿ.

ಹಂತ 6: ಕೊಳ್ಳುವುದಾದರೆ ಯಾವಾಗ?

ಹಡಗು ಹತ್ತುವ ಮುಂಚೆ, ಕಂಪನಿಯ ವೆಬ್‌ಸೈಟ್‌ನಲ್ಲಿ. ಹತ್ತಿದ ಮೇಲಿನ ದರಕ್ಕಿಂತ ಅದು ಸಾಮಾನ್ಯವಾಗಿ ಕಡಿಮೆ. ದರ ಏರಿಳಿಯುತ್ತಿರುತ್ತದೆ, ಹಬ್ಬದ ಸೇಲ್ ಹಾಗೆ ಆಗಾಗ ರಿಯಾಯಿತಿ ಬರುತ್ತದೆ. ಕೊಂಡ ಮೇಲೂ ವಾರಕ್ಕೊಮ್ಮೆ ನೋಡಿ. ಇಳಿದಿದ್ದರೆ, ರದ್ದು ಮಾಡಲು ಅವಕಾಶ ಇರುವ ತನಕ, ಹಳೆಯದನ್ನು ಬಿಟ್ಟು ಹೊಸ ದರಕ್ಕೆ ತೆಗೆದುಕೊಳ್ಳಬಹುದು. ರದ್ದಿನ ಕೊನೆಯ ದಿನ ಯಾವುದು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಏಜೆಂಟ್ ಮೂಲಕ ಹೋಗುವವರು ಊಟದ ಪ್ಯಾಕೇಜ್ ದರವನ್ನು ಬೇರೆ ಸಾಲಿನಲ್ಲಿ ಬರೆದುಕೊಡಲು ಹೇಳಿ. ಒಟ್ಟು ಮೊತ್ತದಲ್ಲಿ ಸೇರಿಸಿಬಿಟ್ಟರೆ ನಿಮಗೆ ತಿಳಿಯುವುದೇ ಇಲ್ಲ. ನಮಗೆ ಆದದ್ದೂ ಅದೇ.

ಹಂತ 7: ಕೊಳ್ಳದವರು ಮಾಡಬೇಕಾದ ಕೆಲಸ

ಪ್ಯಾಕೇಜ್ ಬೇಡ ಅಂದ ಮೇಲೆ ಕೆಳಗಿನ ಊಟವನ್ನು ಚೆನ್ನಾಗಿ ಮಾಡಿಕೊಳ್ಳಬೇಕು. ಬುಕಿಂಗ್ ಆದ ಕೂಡಲೇ ಸಸ್ಯಾಹಾರ, ಜೈನ, ಹಲಾಲ್ ಯಾವುದೋ ಅದನ್ನು ಬರಹದಲ್ಲಿ ತಿಳಿಸಿ. ಹೊರಡುವ ವಾರದಲ್ಲಿ ಹೇಳಿದರೆ ಆಗುವುದಿಲ್ಲ. ಮೊದಲ ರಾತ್ರಿ ಮೇನ್ ಡೈನಿಂಗ್‌ಗೆ ಹೋದಾಗ ಹೆಡ್ ವೇಟರ್‌ನನ್ನು ಕರೆದು ಮಾತಾಡಿ. ಎಷ್ಟೋ ಹಡಗುಗಳಲ್ಲಿ ಬಡಿಸುವವರಲ್ಲಿ, ಅಡುಗೆಯವರಲ್ಲಿ ಭಾರತೀಯರು ಇರುತ್ತಾರೆ. "ನಾಳೆ ರಾತ್ರಿಗೆ ಬೇಳೆ, ಒಂದು ಪಲ್ಯ, ಚಪಾತಿ ಸಿಗುತ್ತಾ?" ಅಂತ ಒಂದು ದಿನ ಮುಂಚೆ ಕೇಳಿದರೆ ಬಹುತೇಕ ಮಾಡಿಕೊಡುತ್ತಾರೆ. ನಮಗೆ ಮೂರು ರಾತ್ರಿ ಮಾಡಿಕೊಟ್ಟರು. ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಇನ್ನಷ್ಟು ಇರಲಿ ಅಂದದ್ದಕ್ಕೆ ಮರುದಿನ ಹಾಗೇ ಬಂತು. ಅವ್ವ ಬಡಿಸಿದ ಹುಡುಗನ ಕೈ ಹಿಡಿದು, "ನಮ್ಮ ಊರ ತೊಗರಿ ಬ್ಯಾಳಿ ತಂದು ಕೊಡ್ತೀನಪ್ಪ ಮುಂದಿನ ಸಲ" ಅಂದಳು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಹೆಮ್ಮೆ ಅವಳಿಗೆ.

ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಒಯ್ಯಿರಿ. ಇಂಥ ಒಣ ಪದಾರ್ಥಕ್ಕೆ ಬಹುತೇಕ ಹಡಗುಗಳಲ್ಲಿ ತಕರಾರಿಲ್ಲ. ಮನೆಯಲ್ಲಿ ಮಾಡಿದ ಅಡುಗೆಯನ್ನು ಬಿಡುವುದಿಲ್ಲ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಬೇಡಿ.

ಹಂತ 8: ಕೊಂಡವರು ಹಡಗು ಹತ್ತಿದ ಕೂಡಲೇ

ಪ್ಯಾಕೇಜ್ ಇದ್ದ ಮಾತ್ರಕ್ಕೆ ಮೇಜು ಸಿಕ್ಕಿತು ಅಂತಲ್ಲ. ಬೇಕಾದ ಹೊತ್ತಿನ ಜಾಗಗಳು ಬೇಗ ತುಂಬುತ್ತವೆ. ಬ್ಯಾಗ್ ರೂಮಿಗೆ ಬರುವ ಮುಂಚೆಯೇ ಆಪ್‌ನಲ್ಲೋ, ರೆಸ್ಟೋರೆಂಟ್ ಬಾಗಿಲಿಗೇ ಹೋಗಿಯೋ ಎಲ್ಲ ರಾತ್ರಿಗಳನ್ನೂ ಕಾಯ್ದಿರಿಸಿ. ಶೋ ಹೊತ್ತಿಗೆ ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳಿ. ಸಸ್ಯಾಹಾರ ಅನ್ನುವುದನ್ನು ಅಲ್ಲೂ ಮತ್ತೆ ಹೇಳಿ, ಮೇನ್ ಡೈನಿಂಗ್‌ಗೆ ಹೇಳಿದ್ದು ಇಲ್ಲಿಗೆ ತಲುಪಿರಲಿಕ್ಕಿಲ್ಲ. ಬರಲು ಆಗದಿದ್ದರೆ ಮುಂಚಿತವಾಗಿ ತಿಳಿಸಿ, ಹೇಳದೆ ತಪ್ಪಿಸಿದರೆ ದಂಡ ಹಾಕುವ ಹಡಗುಗಳಿವೆ.

ಊಟ ಮುಗಿದ ಮೇಲೆ ಸಹಿಗೆ ಒಂದು ಚೀಟಿ ತರುತ್ತಾರೆ. ಅದರಲ್ಲಿ ಹೆಚ್ಚಿನ ಟಿಪ್ಸ್ ಅಂತ ಒಂದು ಖಾಲಿ ಸಾಲು ಇರಬಹುದು. ಟಿಪ್ಸ್ ಆಗಲೇ ಕಟ್ಟಿದ್ದೀರಿ, ಮನಸ್ಸಿದ್ದರೆ ಕೊಡಿ, ಇಲ್ಲದಿದ್ದರೆ ಗೆರೆ ಎಳೆದು ಸಹಿ ಮಾಡಿ. ಇಳಿಯುವ ಹಿಂದಿನ ರಾತ್ರಿ ಆಪ್‌ನಲ್ಲಿ ರೂಮಿನ ಖಾತೆ ತೆಗೆದು ನೋಡಿ. ಪ್ಯಾಕೇಜ್‌ನ ಊಟಕ್ಕೆ ಮತ್ತೆ ಬಿಲ್ ಬಿದ್ದಿದ್ದರೆ ಆಗಲೇ ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ ತೆಗೆಸಿ. ಬೆಳಗ್ಗೆ ಇಳಿಯುವ ಹೊತ್ತಿಗೆ ಅಲ್ಲಿ ಉದ್ದ ಸಾಲು ಇರುತ್ತದೆ. ಆ ಚೀಟಿಗಳನ್ನು ಎಸೆಯದೆ ಪರ್ಸಿನಲ್ಲಿಟ್ಟು ತನ್ನಿ. ಕಲಬುರಗಿಗೆ ಬಂದು ಕಾರ್ಡಿನ ಸ್ಟೇಟ್‌ಮೆಂಟ್ ಕೈಗೆ ಸಿಕ್ಕ ಮೇಲೆ ಒಂದೊಂದಾಗಿ ಹೊಂದಿಸಿ ನೋಡಿ.